ಗುಡ್ಡ ಅಗೆಯೋದಕ್ಕೂ ಒಂದು ಲೆಕ್ಕ ಇದೆ!

ವೀಕ್ಷಕರೇ, ಬಳ್ಳಾರಿ ಗಣಿ ಅಂದ ತಕ್ಷಣ ನಮಗೆ ನೆನಪಾಗೋದು ಕೆಂಪು ಧೂಳು, ಲಾರಿ ಸಾಲು, ಲೋಕಾಯುಕ್ತ ವರದಿ. ಯಾರು ಅಗೆದರು, ಎಷ್ಟು ಅಗೆದರು ಅಂತ ವರ್ಷಗಟ್ಟಲೆ ಚರ್ಚೆ ಮಾಡಿದ್ದೇವೆ. ಯಾವ ಕ್ರಮದಲ್ಲಿ ಅಗೆಯಬೇಕು ಅನ್ನೋ ಪ್ರಶ್ನೆ ಸ್ಟುಡಿಯೋಗೆ ಬಂದಿದ್ದು ಅಪರೂಪ.

ಹಲಗೇರಿ ಕಡೆ ಹೊಲದಲ್ಲಿ ಕೃಷಿ ಹೊಂಡ ತೋಡೋದನ್ನು ನೋಡಿದ್ದೀರಲ್ಲ? ಅಂಚನ್ನು ನೆಟ್ಟಗೆ ಕಡಿಯಲ್ಲ, ಕುಸಿಯುತ್ತೆ ಅಂತ ಇಳಿಜಾರು ಬಿಡ್ತಾರೆ. ಆಳಕ್ಕೆ ಹೋದಷ್ಟೂ ಬಾಯಿ ಅಗಲವಾಗಬೇಕು. ತೆರೆದ ಗಣಿಯೂ ಅಷ್ಟೇ. ಕೆಳಗಿನ ಅದಿರು ಬೇಕಂದ್ರೆ ಮೇಲಿನದ್ದು, ಅದರ ಅಕ್ಕಪಕ್ಕದ್ದು ಮೊದಲು ತೆಗೀಬೇಕು.

ಎಂಜಿನಿಯರುಗಳು ಗುಡ್ಡವನ್ನು ಕಂಪ್ಯೂಟರಿನಲ್ಲಿ ಇಟ್ಟಿಗೆಗಳಂತೆ ವಿಂಗಡಿಸ್ತಾರೆ. ಅದಿರಿನ ಇಟ್ಟಿಗೆ ಲಾಭ, ಮಣ್ಣಿನದ್ದು ಖರ್ಚು. ಒಂದು ಉದಾಹರಣೆ ಇಟ್ಟುಕೊಳ್ಳಿ: ಕೆಳಗಿನ ಅದಿರಿನ ಇಟ್ಟಿಗೆಯಿಂದ 5 ಲಕ್ಷ ಬರುತ್ತೆ. ಅದಕ್ಕಾಗಿ ಮೇಲಿನ 3 ಮಣ್ಣಿನ ಇಟ್ಟಿಗೆ ತೆಗೀಬೇಕು, ತಲಾ 2 ಲಕ್ಷ ಖರ್ಚು. 6 ಹಾಕಿ 5 ತೆಗೆದಂತಾಯ್ತು, ನಷ್ಟ. ಪಕ್ಕದಲ್ಲೇ ಅಂಥದ್ದೇ ಇನ್ನೊಂದಿದ್ದರೆ? ಎರಡಕ್ಕೂ ಸೇರಿ ಮೇಲಿನ 4 ತೆಗೆದರೆ ಸಾಕು. ಖರ್ಚು 8, ಆದಾಯ 10. ಲಾಭ! ಒಂದೊಂದಾಗಿ ನೋಡಿದರೆ ಇದು ಕಾಣೋದೇ ಇಲ್ಲ. ಲಕ್ಷಾಂತರ ಇಟ್ಟಿಗೆಗಳ ನಡುವೆ ಇಂಥ ಗುಂಪು ಹುಡುಕೋ ವಿಧಾನವನ್ನು 1965ರಲ್ಲೇ ಲರ್ಕ್ಸ್ ಮತ್ತು ಗ್ರಾಸ್‌ಮನ್ ಕೊಟ್ಟರು.

ಆಮೇಲೆ ಬರೋದು ವರ್ಷದ ಲೆಕ್ಕ. ಇವತ್ತಿನ ನೂರು ರೂಪಾಯಿ, ಹತ್ತು ವರ್ಷದ ನಂತರದ ನೂರಕ್ಕಿಂತ ದೊಡ್ಡದು. ಹಾಗಾಗಿ ಮಾಲೀಕನಿಗೆ ಒಳ್ಳೆ ಅದಿರು ಮೊದಲು ಬೇಕು, ಖರ್ಚು ಆಮೇಲೆ. ಕಡಿವಾಣ ಇಲ್ಲದಿದ್ದರೆ ಗಣಿತವೂ ಅದನ್ನೇ ಹೇಳುತ್ತೆ.

ಕಡಿವಾಣ ಹಾಕಿದ್ದು ಸುಪ್ರೀಂ ಕೋರ್ಟ್. 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರಿನಲ್ಲಿ ಗಣಿಗಾರಿಕೆ ನಿಂತಿತು. ಮತ್ತೆ ಶುರುವಾದಾಗ ಮೂರೂ ಜಿಲ್ಲೆಗೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಿತಿ. 2022ರಲ್ಲಿ ಅದು 5 ಕೋಟಿಗೆ ಏರಿತು. ಗಣಿಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯವಾಯ್ತು. ಅದಿರು ಎಷ್ಟಿದೆ ಅನ್ನೋದರ ಜೊತೆಗೆ ಮಣ್ಣು ಸುರಿಯಲು ಜಾಗ ಎಷ್ಟಿದೆ ಅನ್ನೋದನ್ನೂ ನೋಡಿ ಉತ್ಪಾದನೆ ನಿಗದಿಯಾಯ್ತು.

ಇಲ್ಲೇ ಇರೋದು ನಿಜವಾದ ವಿಷಯ. ಕೆರೆಗೆ ಹರಿಯೋ ಹೂಳು, ಗಿಡ ನೆಡೋ ಖರ್ಚು, ಇವಕ್ಕೆಲ್ಲ ಬೆಲೆ ಬರೆದರೆ ಅದೇ ಗಣಿತ ಬೇರೆ ಗುಂಡಿ ತೋರಿಸಬಹುದು. ಬರೆಯದಿದ್ದರೆ ಅವನ್ನೆಲ್ಲ ಸೊನ್ನೆ ಅಂತಲೇ ತಿಳಿಯುತ್ತೆ. ಕಂಪ್ಯೂಟರಿಗೆ ಗುಡ್ಡದ ಮೇಲೆ ಕರುಣೆ ಇಲ್ಲ, ದ್ವೇಷವೂ ಇಲ್ಲ.

ಆದ್ದರಿಂದ ಗಣಿ ಯೋಜನೆಯ ಅಹವಾಲು ಸಭೆಗೆ ಹೋದರೆ ಎಷ್ಟು ಟನ್ ಅಂತ ಮಾತ್ರ ಕೇಳಬೇಡಿ. ಮೊದಲು ಎಲ್ಲಿ ಅಗೀತೀರಿ, ಮಣ್ಣು ಎಲ್ಲಿ ಸುರೀತೀರಿ, ಗುಂಡಿ ಮುಚ್ಚೋದು ಯಾವ ವರ್ಷ ಅಂತ ಕೇಳಿ.