ಹಳೆಯ ಎಂಜಿನ್ನಿಗೆ ಹೊಸ ಕುದುರೆಗಳು

ದೆಹಲಿಯಲ್ಲೋ ಕಲ್ಕತ್ತೆಯಲ್ಲೋ ರೈಲಿನಿಂದ ಇಳಿದು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿ, ಮಕ್ಕಳು ಮರಿಗಳ ಸಮೇತ ಅಂಬಾಸಡರ್ ಟ್ಯಾಕ್ಸಿಯಲ್ಲಿ ತುಂಬಿಕೊಂಡು ಮನೆ ಸೇರಿದ ನೆನಪು ನಮ್ಮ ಓದುಗರಲ್ಲಿ ಅನೇಕರಿಗೆ ಇದ್ದೀತು. ಸೇತುವೆಯ ಏರು ಬಂದಾಗ ಆ ಗಾಡಿ ಏದುಸಿರು ಬಿಡುತ್ತಿದ್ದುದನ್ನೂ ಅವರು ಮರೆತಿರಲಾರರು. ಹಾಗೆ ಏದುಸಿರು ಬಿಡುತ್ತಿದ್ದ ಎಂಜಿನ್ನಿನ ಒಡಹುಟ್ಟು ಇಂಗ್ಲೆಂಡಿನ ಒಂದು ಚೆಲುವಾದ ಸ್ಪೋರ್ಟ್ಸ್ ಕಾರಿನಲ್ಲಿ ಕುಳಿತು ಗಂಟೆಗೆ ನೂರು ಮೈಲಿಯ ಹತ್ತಿರಕ್ಕೆ ಓಡುತ್ತಿತ್ತು ಎಂದರೆ ಕೆಲವರು ನಗಬಹುದು. ಆದರೆ ಮಾತು ನಿಜ.

ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನವರು ‘ಬಿ ಸೀರೀಸ್’ ಎಂದು ಹೆಸರಿಟ್ಟ, ನಾಲ್ಕು ಸಿಲಿಂಡರುಗಳ, ೧೪೮೯ ಘನ ಸೆಂಟಿಮೀಟರಿನ ಎಂಜಿನ್ ಅದು. ನಮ್ಮ ಅಂಬಾಸಡರಿಗೆ ಅದು ೧೯೫೯ರಲ್ಲಿ ಬಂತು. ಅದಕ್ಕೂ ಮೊದಲೇ, ೧೯೫೫ರಲ್ಲಿ, ಆಕ್ಸ್‌ಫರ್ಡಿನ ಹತ್ತಿರದ ಆಬಿಂಗ್‌ಡನ್ ಕಾರ್ಖಾನೆಯಿಂದ ಹೊರಬಿದ್ದ ಎಂ.ಜಿ.ಎ. ಎಂಬ ಎರಡು ಆಸನದ ಕಾರಿಗೂ ಅದೇ ಎಂಜಿನ್. ೧೯೬೨ರ ವರೆಗೆ ಆ ಕಾರುಗಳು ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಬಹುಪಾಲು ಅಮೆರಿಕೆಗೆ ಹೋದವು. ಅಂಬಾಸಡರಿನಲ್ಲಿ ಎಂಜಿನ್ನಿನ ಬಲ ಸುಮಾರು ೫೦ ಅಶ್ವಶಕ್ತಿ. ಎಂ.ಜಿ.ಎ.ಯಲ್ಲಿ ೭೨. ಹಸು ಒಂದೇ ತಳಿಯದು, ಹಾಲು ಮಾತ್ರ ಹೆಚ್ಚುಕಡಮೆ ಒಂದೂವರೆಯಷ್ಟು!

ಆ ಇಪ್ಪತ್ತೆರಡು ಕುದುರೆಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದುಕೊಂಡರೆ, ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನು ತಿದ್ದಿ ಬಲ ಹೆಚ್ಚಿಸುವ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆಯೇ ಸರಿ. ಹಳೆಯ ಕಾರೊಂದನ್ನು ಕೊಂಡು, ತಿಂಗಳು ತುಂಬುವುದರೊಳಗಾಗಿ ಅದನ್ನು ಬಿಚ್ಚಿ ಹರಡಿಕೊಂಡು ಕುಳಿತಿರುವ ತರುಣರು ನಮ್ಮವರಲ್ಲಿಯೂ ಇದ್ದಾರೆ. ಅವರಿಗೂ, ‘ಇದ್ದ ಹಾಗೆ ಓಡಿಸಿದರೆ ಆಗದೇನಪ್ಪ?’ ಎಂದು ಕೇಳುವ ಅವರ ತಾಯ್ತಂದೆಗಳಿಗೂ ಈ ನಾಲ್ಕು ಮಾತು.

ಮೊದಲು ಒಂದು ಚಿಕ್ಕ ಲೆಕ್ಕ. ಎಂಜಿನ್ ತನ್ನ ದಂಡವನ್ನು ಎಷ್ಟು ಜೋರಾಗಿ ತಿರುಚುತ್ತದೆ ಎಂಬುದು ಒಂದು. ನಿಮಿಷಕ್ಕೆ ಎಷ್ಟು ಸಲ ತಿರುಗಿಸುತ್ತದೆ ಎಂಬುದು ಇನ್ನೊಂದು. ಇವೆರಡರ ಗುಣಾಕಾರವೇ ಅಶ್ವಶಕ್ತಿ. ತಿರುಚುಬಲವನ್ನು ಪೌಂಡು-ಅಡಿಗಳಲ್ಲಿ ಹಿಡಿದು, ನಿಮಿಷದ ಸುತ್ತುಗಳಿಂದ ಗುಣಿಸಿ, ೫೨೫೨ರಿಂದ ಭಾಗಿಸಿದರೆ ಆಯಿತು. ಅಂಬಾಸಡರ್ ತನ್ನ ೫೦ ಕುದುರೆಗಳನ್ನು ಕೊಡುವುದು ನಿಮಿಷಕ್ಕೆ ೪೨೦೦ ಸುತ್ತಿನಲ್ಲಿ. ಆಗ ತಿರುಚುಬಲ ಸುಮಾರು ೬೨½. ಎಂ.ಜಿ.ಎ. ೭೨ ಕುದುರೆ ಕೊಡುವುದು ೫೫೦೦ ಸುತ್ತಿನಲ್ಲಿ. ಆಗ ತಿರುಚುಬಲ ಸುಮಾರು ೬೯. ನೋಡಿರಿ, ತಿರುಚುಬಲ ಹೆಚ್ಚಿದ್ದು ಶೇಕಡಾ ಹತ್ತು ಮಾತ್ರ, ಸುತ್ತು ಹೆಚ್ಚಿದ್ದು ಶೇಕಡಾ ಮೂವತ್ತೊಂದು. ಎಂದರೆ ಸ್ಪೋರ್ಟ್ಸ್ ಕಾರಿನ ಎಂಜಿನ್ ಟ್ಯಾಕ್ಸಿಯ ಎಂಜಿನ್ನಿಗಿಂತ ಬಹಳ ಬಲಿಷ್ಠವೆಂದಲ್ಲ. ವೇಗವಾಗಿ ತಿರುಗುವಾಗಲೂ ಅದಕ್ಕೆ ಉಸಿರು ಕಟ್ಟುವುದಿಲ್ಲ, ಅಷ್ಟೇ.

ಎಲ್ಲ ಗುಟ್ಟೂ ಈ ಉಸಿರಿನಲ್ಲಿದೆ. ಊದುಕೊಳವೆ ಹಿಡಿದು ಸೌದೆಯ ಒಲೆ ಉರಿಸಿದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೌದೆ ಎಷ್ಟು ತುರುಕಿದರೂ ಗಾಳಿಯಿಲ್ಲದೆ ಉರಿಯೇಳದು. ಎಂಜಿನ್ನಿಗೆ ಪೆಟ್ರೋಲು ಸುರಿಯುವುದು ಸುಲಭ. ಗಾಳಿ ತುಂಬಿಸುವುದೇ ಕಷ್ಟ. ೫೫೦೦ ಸುತ್ತಿನಲ್ಲಿ ಈ ಎಂಜಿನ್ ಪೂರ್ತಿ ಉಸಿರೆಳೆದರೆ ಸೆಕೆಂಡಿಗೆ ೬೮ ಲೀಟರು ಗಾಳಿ ಬೇಕು. ಹೆಚ್ಚುಕಡಮೆ ನಾಲ್ಕು ಸೀಮೆಎಣ್ಣೆ ಡಬ್ಬಗಳಷ್ಟು. ಅಷ್ಟೂ ಗಾಳಿ ಒಂದೂವರೆ ಅಂಗುಲದ ವಾಲ್ವುಗಳ ಸಂದಿಯಲ್ಲಿ ನುಸುಳಬೇಕು. ಒಂದೊಂದು ಸಲ ಆ ಬಾಗಿಲು ತೆರೆದಿರುವುದು ಒಂದು ಸೆಕೆಂಡಿನ ನೂರಮೂವತ್ತನೆಯ ಒಂದು ಪಾಲು ಹೊತ್ತು!

ಇದರ ಮೇಲೆ ಬಿ ಸೀರೀಸಿಗೆ ಹುಟ್ಟಿನಿಂದಲೇ ಒಂದು ಊನವಿದೆ. ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ದಾರಿ ಎರಡೇ. ಮೊದಲ ಎರಡಕ್ಕೆ ಒಂದು, ಕಡೆಯ ಎರಡಕ್ಕೆ ಒಂದು. ಹೊಗೆ ಹೊರಹೋಗುವ ದಾರಿ ಮೂರು. ನಡುವಿನ ಜೋಡಿ ಒಂದನ್ನೇ ಹಂಚಿಕೊಳ್ಳಬೇಕು. ಸಿಲಿಂಡರುಗಳು ಉರಿಯುವ ಸರದಿ ೧-೩-೪-೨ ಆದ್ದರಿಂದ ನೆರೆಹೊರೆಯ ಎರಡು ಸಿಲಿಂಡರುಗಳು ಒಂದರ ಬೆನ್ನಿಗೊಂದು ಒಂದೇ ಕೊಳವೆಯಿಂದ ಹೀರುತ್ತವೆ, ಆಮೇಲೆ ಆ ಕೊಳವೆ ಸುಮ್ಮನಿರುತ್ತದೆ. ಒಂದು ಎಳನೀರಿಗೆ ಇಬ್ಬರು ಮಕ್ಕಳು ಬಾಯಿ ಹಾಕಿದಂತೆ. ಸಮಪಾಲು ಎಂದಿಗೂ ಆಗದು.

ಈ ಗಾಳಿಯ ದಾರಿಯನ್ನೇ ಧ್ಯಾನಿಸಿದ ಒಬ್ಬ ಇಂಗ್ಲಿಷ್ ತಜ್ಞನಿದ್ದ, ಹ್ಯಾರಿ ವೆಸ್ಲೇಕ್. ಸಿಲಿಂಡರಿನ ತಲೆಯೊಳಗೆ ಗಾಳಿ ಹಾಯಿಸಿ, ಎಷ್ಟು ಹೋಗುತ್ತದೆಂದು ಅಳೆದು, ಲೋಹವನ್ನು ಎಲ್ಲಿ ಕೆರೆಯಬೇಕು, ಎಲ್ಲಿ ಬಿಡಬೇಕೆಂದು ನಿರ್ಣಯಿಸುವುದು ಅವನ ಕಸುಬು. ಬಿ ಸೀರೀಸಿನ ಉರಿಗೂಡು ಹೃದಯದ ಆಕಾರದಲ್ಲಿರುವುದು ಅವನ ವಿನ್ಯಾಸದಿಂದ. ಇಂದಿಗೂ ಹಳೆಯ ಎಂ.ಜಿ.ಯನ್ನು ತಿದ್ದುವ ಒಳ್ಳೆಯ ಕುಶಲಿ ಮೊದಲು ಕೈಯಿಡುವುದು ತಲೆಗೇ. ದಾರಿಯನ್ನು ದೊಡ್ಡದು ಮಾಡಬೇಕೆಂಬ ಆತುರ ಹೊಸಬರದು. ಅಡ್ಡಿಯಿರುವುದು ಬಹುಮಟ್ಟಿಗೆ ವಾಲ್ವಿನ ಪೀಠದ ಸುತ್ತಲಿನ ಅರ್ಧ ಅಂಗುಲದಲ್ಲಿ. ಅಲ್ಲಿನ ಏಣನ್ನು ನಯವಾಗಿ ದುಂಡಗೆ ಮಾಡಿದರೆ ಬರುವ ಲಾಭ, ದಾರಿಯನ್ನು ಬಾವಿಯಂತೆ ಕೊರೆದರೆ ಬಾರದು. ಕೊರೆದು ಕೊರೆದು ನೀರಿನ ಕೋಣೆಗೆ ತೂತು ಮಾಡಿದರೆ ಆ ತಲೆ ಗುಜರಿಗೇ ಸರಿ.

ತಲೆ ಮುಗಿದ ಮೇಲೆ ಅದುಮು. ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆಯೋ ಅದು ಕಂಪ್ರೆಶನ್ ಅನುಪಾತ, ಎಂ.ಜಿ.ಎ.ಗೆ ೮.೩. ಇದನ್ನು ೯.೫ಕ್ಕೆ ಏರಿಸಬೇಕೆಂದಿಟ್ಟುಕೊಳ್ಳಿ. ಒಂದು ಸಿಲಿಂಡರಿನ ಗಾತ್ರ ೩೭೨ ಘನ ಸೆಂಟಿಮೀಟರು. ಮೇಲೆ ಉಳಿಯುವ ಜಾಗ ಈಗ ೫೧, ಅದು ೪೪ ಆಗಬೇಕು. ತಲೆಯ ತಳವನ್ನು ಅಷ್ಟು ಮಟ್ಟಿಗೆ ಹೆರೆಯುತ್ತಾರೆ. ಗಾಜಿನ ಹಲಗೆ ಮುಚ್ಚಿ, ಅಳತೆಗೊಳವೆಯಿಂದ ದ್ರವ ಬಿಟ್ಟು ನಾಲ್ಕು ಗೂಡುಗಳನ್ನೂ ಅಳೆದು ಸಮ ಮಾಡುವುದು ಬಹು ತಾಳ್ಮೆಯ ಕೆಲಸ. ಪಾಯಸ ಬಡಿಸುವಾಗ ಯಾರಿಗೂ ಹೆಚ್ಚುಕಮ್ಮಿಯಾಗದಂತೆ ನೋಡುವ ದೊಡ್ಡಮ್ಮನ ಕಣ್ಣು ಬೇಕು. ಇಷ್ಟೆಲ್ಲ ಮಾಡಿದರೆ ಶಾಸ್ತ್ರದ ಲೆಕ್ಕದಲ್ಲಿ ಸಿಗುವ ಲಾಭ ಶೇಕಡಾ ನಾಲ್ಕು. ಮೂರು ಕುದುರೆ ಎನ್ನಿ!

ಕಾರ್ಬ್ಯುರೇಟರಿನ ವಿಷಯ ಬೇಗ ಮುಗಿಯುತ್ತದೆ. ಅಂಬಾಸಡರಿಗೆ ಒಂದು, ಎಂ.ಜಿ.ಎ.ಗೆ ಒಂದೂವರೆ ಅಂಗುಲದ ಎಸ್.ಯು. ಎರಡು. ಬೀದಿಯ ಓಡಾಟಕ್ಕೆ ಅವೇ ಸಾಕು. ಒಳಗಿನ ಸೂಜಿಯನ್ನು ಬದಲಿಸಿ ಮಿಶ್ರಣ ಹೊಂದಿಸಿದರೆ ಆಯಿತು. ದೊಡ್ಡ ಇಟಾಲಿಯನ್ ಕಾರ್ಬ್ಯುರೇಟರು ತೂಗುಹಾಕುವವರು ಕಣ್ಣಿಗೆ ಹಬ್ಬ ಮಾಡಿಕೊಳ್ಳುತ್ತಾರೆಂದೇ ನಮ್ಮ ಅಭಿಪ್ರಾಯ.

ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡದ ಕತೆ ಬೇರೆ. ಎಂ.ಜಿ.ಎ.ಯ ಒಳಬಾಗಿಲು ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ೧೬ ಡಿಗ್ರಿ ಮೊದಲೇ ತೆರೆದು, ಕೆಳಮುಟ್ಟಿದ ಮೇಲೆ ೫೬ ಡಿಗ್ರಿಯವರೆಗೂ ತೆರೆದೇ ಇರುತ್ತದೆ. ವೇಗದಲ್ಲಿ ಬರುವ ಗಾಳಿ ತನ್ನ ರಭಸದಿಂದಲೇ ಒಳಗೆ ನುಗ್ಗುತ್ತಿರುತ್ತದೆ, ಅದನ್ನು ಬಾಗಿಲು ಹಾಕಿ ತಡೆಯಬಾರದೆಂಬ ಉಪಾಯ. ಓಟದ ಕ್ಯಾಮ್ ಇನ್ನೂ ಹೊತ್ತು ತೆರೆದಿಡುತ್ತದೆ. ಆದರೆ ನಿಧಾನವಾಗಿ ಹೋಗುವಾಗ ಆ ರಭಸವಿರದು. ಒಳಬಂದ ಗಾಳಿ ಹಿಂದಕ್ಕೇ ಉಗುಳಿಹೋಗುತ್ತದೆ. ದಾದರಿನ ಸಿಗ್ನಲ್ಲಿನಲ್ಲಿ ನಿಂತ ಕಾರು ಮಲೇರಿಯ ಹಿಡಿದವನಂತೆ ನಡುಗುತ್ತದೆ. ಮೇಲಿನ ಸುತ್ತಿಗೆ ಕೊಟ್ಟದ್ದನ್ನು ಕೆಳಗಿನ ಸುತ್ತಿನಿಂದ ಕಿತ್ತುಕೊಳ್ಳುವ ವ್ಯಾಪಾರ ಇದು.

ಇನ್ನು ಬೆಲೆಯ ಮಾತು. ಹಣದ್ದಲ್ಲ, ಲೋಹ ತೆರುವ ಬೆಲೆ. ಈ ಎಂಜಿನ್ನಿನ ಪಿಸ್ಟನ್ ಒಂದೊಂದು ಸಲಕ್ಕೆ ೮೮.೯ ಮಿಲಿಮೀಟರು ಚಲಿಸುತ್ತದೆ, ಪ್ರತಿ ಸಲವೂ ತುದಿಯಲ್ಲಿ ನಿಂತು ಹಿಂತಿರುಗಬೇಕು. ಈ ಜಗ್ಗಾಟದ ಬಲ ಸುತ್ತಿನ ವರ್ಗದಂತೆ ಏರುತ್ತದೆ. ೫೫೦೦ರಲ್ಲಿ ಇದ್ದದ್ದು ೬೫೦೦ಕ್ಕೆ ಹೋದರೆ ಶೇಕಡಾ ನಲವತ್ತು ಹೆಚ್ಚು. ೧೪೮೯ರ ಕ್ರ್ಯಾಂಕು ಕುಳಿತಿರುವುದೋ ಮೂರೇ ಬೇರಿಂಗುಗಳ ಮೇಲೆ. ಕಾರ್ಖಾನೆಯವರೇ ಮುಂದೆ ೧೭೯೮ ಘನ ಸೆಂಟಿಮೀಟರಿಗೆ ಹಿಗ್ಗಿಸಿ ೧೯೬೨ರಲ್ಲಿ ಎಂ.ಜಿ.ಬಿ.ಗೆ ಕೂರಿಸಿದರು, ೯೫ ಅಶ್ವಶಕ್ತಿ. ಎರಡು ವರ್ಷದಲ್ಲಿ ಅದಕ್ಕೆ ಐದು ಬೇರಿಂಗು ಕೊಟ್ಟರು. ಅದಕ್ಕೇ ಎಷ್ಟೋ ಎಂ.ಜಿ.ಎ. ಮಾಲೀಕರು ಹಳೆಯ ಎಂಜಿನ್ನನ್ನು ಜೋಪಾನವಾಗಿ ಎತ್ತಿಟ್ಟು ಅದರ ಜಾಗದಲ್ಲಿ ೧೭೯೮ನ್ನು ಇಡುತ್ತಾರೆ. ಚಿಕ್ಕದನ್ನು ಹಿಂಸಿಸುವುದಕ್ಕಿಂತ ದೊಡ್ಡದನ್ನು ಮೃದುವಾಗಿ ದುಡಿಸುವ ಈ ದಾರಿ ನಮಗೂ ಒಪ್ಪಿಗೆ.

ಕಾರ್ಖಾನೆಯವರೂ ಒಮ್ಮೆ ಕೈ ಸುಟ್ಟುಕೊಂಡರು. ೧೯೫೫ರ ಜೂನಿನಲ್ಲಿ ಫ್ರಾನ್ಸಿನ ಲೆ ಮಾನ್ ಊರಿನ ಇಪ್ಪತ್ತನಾಲ್ಕು ಗಂಟೆಯ ಓಟಕ್ಕೆ, ಎಂ.ಜಿ.ಎ. ಪೇಟೆಗೆ ಬರುವ ಮೊದಲೇ, ಮೂರು ಮಾದರಿ ಕಾರುಗಳನ್ನು ಕಳಿಸಿದ್ದರು. ಇದೇ ೧೪೮೯, ವೆಸ್ಲೇಕನ ತಲೆ, ಸುಮಾರು ೮೨ ಅಶ್ವಶಕ್ತಿ. ಎರಡು ಕಾರು ಹನ್ನೆರಡನೆಯದಾಗಿಯೂ ಹದಿನೇಳನೆಯದಾಗಿಯೂ ಓಟ ಮುಗಿಸಿದವು. ಮೂರನೆಯದು ಉರುಳಿ ಚಾಲಕನಿಗೆ ಘೋರ ಪೆಟ್ಟಾಯಿತು. ಜರ್ಮನ್ ಕಾರೊಂದು ಪ್ರೇಕ್ಷಕರ ನಡುವೆ ನುಗ್ಗಿ ೮೦ಕ್ಕೂ ಮಿಕ್ಕಿ ಜನ ಸತ್ತದ್ದು ಆ ಓಟದಲ್ಲಿಯೇ. ಎಂಜಿನ್ನುಗಳು ಮಾತ್ರ ಚೆನ್ನಾಗಿ ಬಾಳಿದ್ದವು. ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತೋ ಏನೋ. ೧೯೫೮ರಲ್ಲಿ ಅದೇ ಮೂಲದ ಎಂಜಿನ್ನಿಗೆ ಅಲ್ಯುಮಿನಿಯಮಿನ ಹೊಸ ತಲೆ, ಎರಡು ಕ್ಯಾಮ್ ದಂಡ, ೯.೯ರ ಕಂಪ್ರೆಶನ್ ಕೊಟ್ಟು ‘ಟ್ವಿನ್ ಕ್ಯಾಮ್’ ಎಂದು ಮಾರಿದರು. ೧೫೮೮ ಘನ ಸೆಂಟಿಮೀಟರು, ೧೦೮ ಅಶ್ವಶಕ್ತಿ, ೬೭೦೦ ಸುತ್ತಿನಲ್ಲಿ. ಕೊಂಡವರು ಮೊದಲು ಹಿಗ್ಗಿದರು. ಆಮೇಲೆ ಪಿಸ್ಟನ್ನುಗಳಿಗೆ ತೂತು ಬೀಳತೊಡಗಿತು. ಕಿಡಿ ಹಾರುವ ಕಾಲ ಒಂದೆರಡು ಡಿಗ್ರಿ ತಪ್ಪಿದರೂ, ಪೆಟ್ರೋಲು ಸ್ವಲ್ಪ ಕೀಳಾದರೂ ಮಿಶ್ರಣ ಸಿಡಿದು ಲೋಹ ಕರಗುತ್ತಿತ್ತು. ಕಂಪ್ರೆಶನ್ ತಗ್ಗಿಸಿ ನೋಡಿದರು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು. ೨,೧೧೧ ಕಾರು ಮಾಡಿ ೧೯೬೦ರಲ್ಲಿ ನಿಲ್ಲಿಸಿದರು. ಕೆಲವು ಸುತ್ತಿನಲ್ಲಿ ಎಂಜಿನ್ ನಡುಗಿ ಕಾರ್ಬ್ಯುರೇಟರಿನ ಪೆಟ್ರೋಲು ನೊರೆಯೇಳುತ್ತಿತ್ತು, ಅದರಿಂದ ಮಿಶ್ರಣ ತೆಳುವಾಗುತ್ತಿತ್ತು ಎಂಬ ವಿವರಣೆ ಎಷ್ಟೋ ವರ್ಷಗಳ ಮೇಲೆ ಬಂತು. ಈಗ ಆ ಕಾರುಗಳು ನಿಶ್ಚಿಂತೆಯಿಂದ ಓಡುತ್ತಿವೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಇಲ್ಲದಿರಲಿಲ್ಲ. ಮದರಾಸಿನ ಉತ್ತರಕ್ಕಿರುವ ಶೋಲಾವರಂನ ಹಳೆಯ ಯುದ್ಧಕಾಲದ ವಿಮಾನದಾರಿಯಲ್ಲಿ ದಶಕಗಳ ಕಾಲ ಮೋಟಾರು ಓಟಗಳು ನಡೆದದ್ದನ್ನು ಮದರಾಸಿನ ಹಿರಿಯ ಓದುಗರು ಬಲ್ಲರು. ಮನೆಮನೆಯ ಅಂಬಾಸಡರ್, ಫಿಯಟ್, ಹೆರಾಲ್ಡುಗಳನ್ನೇ ತಿದ್ದಿ ತಂದು ಓಡಿಸಿದ ಕಾಲ ಅದು. ಹೊರಗಿನ ಸಾಮಾನು ಸಿಕ್ಕದ ದಿನಗಳಲ್ಲಿ ಅರ ಹಿಡಿದ ಕೈಯೇ ಬಂಡವಾಳ.

ಇಂದು ಈ ಕೆಲಸಕ್ಕೆ ಕೈಹಾಕುವವರಿಗೆ ಅಂದಿಲ್ಲದ ಎರಡು ತೊಡಕುಗಳಿವೆ. ೨೦೦೦ನೆಯ ಇಸವಿಯಿಂದ ನಮ್ಮಲ್ಲಿ ಪೆಟ್ರೋಲಿಗೆ ಸೀಸ ಬೆರಸುವುದಿಲ್ಲ; ಗಾಳಿಗೆ ಒಳ್ಳೆಯದಾಯಿತು, ಆದರೆ ಬೀಡುಕಬ್ಬಿಣದಲ್ಲಿಯೇ ಕಡೆದ ಹಳೆಯ ವಾಲ್ವುಪೀಠಕ್ಕೆ ಸೀಸವೇ ಮೆತ್ತೆಯಾಗಿತ್ತು. ತಲೆ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ಪೀಠ ಕೂರಿಸಿಬಿಡಬೇಕು. ಎರಡನೆಯದು, ಈಗಿನ ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತರ ವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರಿನ ಕೊಳವೆಗಳನ್ನು ಅದು ಹಾಳು ಮಾಡುತ್ತದೆ, ಮಿಶ್ರಣವನ್ನೂ ತೆಳುವಾಗಿಸುತ್ತದೆ. ಲಂಡನ್ನಿನ ಪುಸ್ತಕ ನೋಡಿ ಸೂಜಿ ಆರಿಸಿದವರು ಇಲ್ಲಿ ಪಿಸ್ಟನ್ ಸುಟ್ಟುಕೊಂಡಾರು. ಎಂಜಿನ್ನನ್ನೇ ಬದಲಿಸುವವರು ನೋಂದಣಿ ಕಚೇರಿಯ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು.

ತಾಯ್ತಂದೆಗಳು ಕೇಳಬೇಕಾದ ಪ್ರಶ್ನೆ ಬ್ರೇಕಿನದು. ೧೫೦೦ರ ಎಂ.ಜಿ.ಎ.ಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ೧೯೫೯ರಲ್ಲಿ ಎಂಜಿನ್ ೧೫೮೮ ಆದಾಗ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂತು. ವೇಗ ಶೇಕಡಾ ಹತ್ತು ಹೆಚ್ಚಿದರೆ ಬ್ರೇಕು ನುಂಗಬೇಕಾದ ಶಕ್ತಿ ಶೇಕಡಾ ಇಪ್ಪತ್ತೊಂದು ಹೆಚ್ಚು. ಖಂಡಾಲದ ಘಾಟಿಯಲ್ಲಿ ಇಳಿಯುವಾಗ ಕಾದ ಡ್ರಮ್ಮು ಹಿಡಿಯದೆಹೋದರೆ ಬಾನೆಟ್ಟಿನ ಕೆಳಗೆ ಎಷ್ಟು ಕುದುರೆಗಳಿದ್ದು ಏನು ಪ್ರಯೋಜನ? ಹುಡುಗ ಕ್ಯಾಮ್ ದಂಡಕ್ಕೆ ಹಣ ಕೇಳಿದರೆ, ಮೊದಲು ಡಿಸ್ಕ್ ಬ್ರೇಕಿಗೆ ಕೊಡಿರಿ.

ಎಲ್ಲ ಜೋಡಿಸಿ ಮುಗಿದ ಮೇಲೆ ಓಡಿಸುವ ಅವಸರ ಬೇಡ. ಮೊದಲ ಕೆಲವು ನೂರು ಮೈಲಿ ಮೆಲ್ಲಗೆ ಹೋಗಲಿ. ಎಣ್ಣೆ ಬದಲಿಸಿ, ತಲೆಯ ನಟ್ಟುಗಳನ್ನು ಮತ್ತೊಮ್ಮೆ ಸರಿಯಾದ ಬಿಗಿಗೆ ತಂದು, ವಾಲ್ವಿನ ಸಂದಿಗಳನ್ನು ಅಳೆಯಬೇಕು. ಬಳಿಕ ಒಂದು ಬೆಳಗ್ಗೆ ಬಯಲು ರಸ್ತೆಯಲ್ಲಿ ಸ್ವಲ್ಪ ದೂರ ಜೋರಾಗಿ ಓಡಿಸಿ, ತಟ್ಟನೆ ಎಂಜಿನ್ ನಿಲ್ಲಿಸಿ, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಕಡಮೆ. ಕಾರನ್ನು ಅಲ್ಲಿಂದ ನಿಧಾನವಾಗಿ ಮನೆಗೆ ತಂದು ಸೂಜಿ ಬದಲಿಸತಕ್ಕದ್ದು. ನಾಲ್ಕೂ ಒಂದೇ ಸಮನಾಗಿ ಹುರಿದ ಕಾಫಿಬೀಜದ ತಿಳಿಕಂದು ಬಣ್ಣಕ್ಕೆ ಬಂದಿದ್ದರೆ ಕೆಲಸ ಸರಿಯಾಗಿದೆ.