ಬಿದಿರ ಚಪ್ಪರದ ಅಟಿಲಾ

ಟ್ರಿನಿಡಾಡ್‌ನಲ್ಲಿ ರೇಮಂಡ್ ಕ್ವೆವೆಡೊ ಯಾರೆಂದು ಕೇಳಿದರೆ ಹಳಬರೂ ಒಂದು ಗಳಿಗೆ ಯೋಚಿಸಿಯಾರು. ‘ಅಟಿಲಾ ದಿ ಹನ್’ ಎಂದರೆ ಮುಗಿಯಿತು. ಎರಡು ಮಹಾಯುದ್ಧಗಳ ನಡುವೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕ್ಯಾಲಿಪ್ಸೊ ಹಾಡುಗಾರರಿಗೆಲ್ಲ ಇಂಥವೇ ಬಿರುದುಗಳು: ರೋರಿಂಗ್ ಲಯನ್, ಗ್ರೌಲಿಂಗ್ ಟೈಗರ್, ಲಾರ್ಡ್ ಎಕ್ಸಿಕ್ಯೂಟರ್. ಆಳುವವರು ಬ್ರಿಟಿಷರು; ಲಾರ್ಡ್ ಪದವಿಯನ್ನು ಮಾತ್ರ ಇವರು ಯಾರನ್ನೂ ಕೇಳದೆ ತಾವೇ ಇಟ್ಟುಕೊಂಡರು.

ಹೊಸ ವರ್ಷ ಕಳೆಯುತ್ತಲೇ ಊರಲ್ಲಿ ಬಿದಿರ ಗಳು ನೆಟ್ಟು, ಗರಿ ಹೊದಿಸಿದ ಚಪ್ಪರಗಳು ಏಳುತ್ತಿದ್ದವು. ಅವನ್ನು ‘ಟೆಂಟ್’ ಎನ್ನುತ್ತಿದ್ದರು. ಕಾರ್ನಿವಲ್ ಹಬ್ಬದವರೆಗೂ ಅಲ್ಲಿ ಟಿಕೆಟ್ಟಿನ ಹಾಡು. 1921ರಲ್ಲಿ ವಾಲ್ಟರ್ ಡಗ್ಲಸ್ ಕಟ್ಟಿದ ತಂಡದ ಹೆಸರು ‘ರೈಲ್ವೆ ಮಿಲಿಯನೇರ್ಸ್’. ಆತ ದುಡಿಯುತ್ತಿದ್ದುದು ರೈಲ್ವೆಯಲ್ಲಿ, ಮಿಲಿಯನ್ ಎಲ್ಲಿತ್ತೋ!

ಚಪ್ಪರದ ನಿಜವಾದ ಗಮ್ಮತ್ತು ‘ವಾರ್’, ಅಂದರೆ ಸವಾಲ್–ಜವಾಬು. ಗಿಟಾರ್, ಪುಟಾಣಿ ಕ್ವಾಟ್ರೊ, ಪಿಟೀಲು ನಿಲ್ಲುವ ಹಾಗಿಲ್ಲ. ಒಬ್ಬ ಎದುರಾಳಿಯ ಮೂಗು, ಅಂಗಿ, ಕುಲಗೋತ್ರ ಜಾಲಾಡಿ ಕೂತರೆ, ಇನ್ನೊಬ್ಬ ಅದೇ ಮಟ್ಟಿನಲ್ಲಿ ಆ ಕ್ಷಣಕ್ಕೇ ಪದ ಕಟ್ಟಿ ತಿರುಗಿಸಬೇಕು. ಪ್ರಾಸ ತಪ್ಪಿದರೆ ಮಾನ ಹೋಯಿತು. ನಾಲಿಗೆ ಹೊರಳದಂಥ ಉದ್ದುದ್ದ ಇಂಗ್ಲಿಷ್ ಪದ ಎಸೆದವನಿಗೆ ಹೆಚ್ಚು ಚಪ್ಪಾಳೆ. ಕಾಲೇಜು ಮೆಟ್ಟಿಲು ಹತ್ತಿದ್ದ ಅಟಿಲಾಗೆ ಇದು ನೀರು ಕುಡಿದಷ್ಟು ಸಲೀಸು.

ಊರಿನ ಉಳಿದ ಬದುಕೆಲ್ಲ ಮೈಬಣ್ಣದ ಲೆಕ್ಕದಲ್ಲಿ ಹಂಚಿಹೋಗಿತ್ತು. ಕ್ರಿಕೆಟ್ಟಿನಲ್ಲೂ ಕ್ವೀನ್ಸ್ ಪಾರ್ಕ್ ಬಿಳಿಯರದು, ಮೇಪಲ್ ತಿಳಿಬಣ್ಣದವರದು, ಶಾನನ್ ಕಪ್ಪು ಗುಮಾಸ್ತ–ಮೇಷ್ಟರದು. ಹೆಸರಾಂತ ಆಟಗಾರ ಲಿಯರಿ ಕಾನ್‌ಸ್ಟಂಟೈನ್ ಆಡುತ್ತಿದ್ದುದು ಶಾನನ್‌ಗೆ. ಲೇಖಕ ಸಿ.ಎಲ್.ಆರ್. ಜೇಮ್ಸ್ ಮೇಪಲ್ ಸೇರಿ ಆಮೇಲೆ ಪಶ್ಚಾತ್ತಾಪಪಟ್ಟರು. ಬರಿಗಾಲ ಜನರ ಪರ ನಿಂತ ಬಿಳಿಯ ಕ್ಯಾಪ್ಟನ್ ಸಿಪ್ರಿಯಾನಿ ಮಾತ್ರ ಮತ್ತೆ ಮತ್ತೆ ಮೇಯರ್ ಆದರು. ಇವರೆಲ್ಲರ ಸುದ್ದಿಯೂ ಕೊನೆಗೆ ಬರುತ್ತಿದ್ದುದು ಚಪ್ಪರಕ್ಕೇ.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1934ರಲ್ಲಿ ನಾಟಕಶಾಲೆ–ನೃತ್ಯಶಾಲೆಗಳ ಕಾಯ್ದೆ ತಂದು ಹಾಡಿಗೆ ಮೂಗುದಾರ ಹಾಕಿತು. ಅದೇ ವರ್ಷ ರೆಕಾರ್ಡ್ ವ್ಯಾಪಾರಿ ಎಡ್ವಾರ್ಡೊ ಸಾ ಗೋಮ್ಸ್ ಅಟಿಲಾ ಮತ್ತು ಲಯನ್‌ರನ್ನು ಹಾಡು ರೆಕಾರ್ಡ್ ಮಾಡಿಸಲು ನ್ಯೂಯಾರ್ಕಿಗೆ ಹಡಗು ಹತ್ತಿಸಿದರು. ಕಾಯ್ದೆಗೆ ಅಶ್ಲೀಲದ ನೆಪ ಹೇಳಿದರೂ ಸರ್ಕಾರಕ್ಕೆ ನಿಜವಾಗಿ ಚುಚ್ಚಿದ್ದು ರಾಜಕೀಯದ ಹಾಡು ಎಂದೇ ನನ್ನ ಎಣಿಕೆ. ಅಟಿಲಾ 1946ರಲ್ಲಿ ನಗರಸಭೆಗೆ, 1950ರಲ್ಲಿ ಶಾಸನಸಭೆಗೇ ಗೆದ್ದುಬಂದರು.

ಎಲ್ಲರಿಗೂ ಆ ಯೋಗವಿರಲಿಲ್ಲ. ಒಂದು ಕಾಲಕ್ಕೆ ‘ವಾರ್’ನ ಹುಲಿಯಾಗಿದ್ದ ಲಾರ್ಡ್ ಎಕ್ಸಿಕ್ಯೂಟರ್ ಕಣ್ಣು ಕಳೆದುಕೊಂಡು, ಬಡತನದಲ್ಲೇ 1952ರಲ್ಲಿ ತೀರಿಕೊಂಡರು. ಅವರ ದನಿ ಕೆಲವು ರೆಕಾರ್ಡುಗಳಲ್ಲಿ ಇಂದಿಗೂ ಸಿಗುತ್ತದೆ. ಆದರೆ ಮೂರು ನಿಮಿಷದ ಆ ಪ್ಲೇಟಿನಲ್ಲಿ ಬೆಂಚಿನ ಮೇಲಿಂದ ಕೂಗಿ ಕೆಣಕುವ ಜನ ಇಲ್ಲ.