ನಗುವಿಗೊಂದು ಮರುಪರೀಕ್ಷೆ

ನಕ್ಕರೆ ಮನಸ್ಸು ಹಗುರಾಗುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಕಾರಣವಿಲ್ಲದೆಯೇ ಮುಖದ ಸ್ನಾಯುಗಳನ್ನು ನಗೆಯ ಭಂಗಿಗೆ ತಂದರೆ ಮನಸ್ಸು ಉಲ್ಲಾಸಗೊಂಡೀತೆ? 1988ರಲ್ಲಿ ಪ್ರಕಟವಾದ ಫ್ರಿಟ್ಸ್ ಸ್ಟ್ರಾಕ್ ಮತ್ತು ಸಂಗಡಿಗರ ಪ್ರಯೋಗ ‘ಹೌದು’ ಎಂದಿತು. ಲೇಖನಿಯನ್ನು ಹಲ್ಲುಗಳಲ್ಲಿ ಕಚ್ಚಿ ಹಿಡಿದರೆ ಬಾಯಿ ತಾನಾಗಿ ನಗೆಯ ಆಕಾರ ತಳೆಯುತ್ತದೆ. ಹಾಗೆ ಹಿಡಿದವರು ವ್ಯಂಗ್ಯಚಿತ್ರಗಳಿಗೆ, ತುಟಿಗಳಲ್ಲಿ ಹಿಡಿದವರಿಗಿಂತ ಸರಾಸರಿ 0.82 ಅಂಕ ಹೆಚ್ಚು ಕೊಟ್ಟಿದ್ದರು.

ಇದರ ಮರುಪರೀಕ್ಷೆಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಾಗೆನ್‌ಮೇಕರ್ಸ್ ಮುಂದಾದರು. ಯಾವ ಚಿತ್ರ, ಎಂಥ ಸೂಚನೆ, ಯಾರ ಉತ್ತರ ಕೈಬಿಡಬೇಕು, ಲೆಕ್ಕ ಹೇಗೆ ಎಂಬುದೆಲ್ಲವನ್ನೂ ಮೊದಲೇ ಬರೆದಿಡಲಾಯಿತು. ಫಲಿತಾಂಶ ಕಂಡ ಮೇಲೆ ನಿಯಮ ಬದಲಿಸಲು ಆಸ್ಪದವಿರಬಾರದಷ್ಟೆ! 2016ರಲ್ಲಿ 17 ಪ್ರಯೋಗಾಲಯಗಳ ವರದಿ ಹೊರಬಂದಿತು. 1,894 ಜನರಲ್ಲಿ ಕಂಡ ಅಂತರ ಕೇವಲ 0.03.

ಆದರೆ ಯೋಜನೆಯಲ್ಲಿ ಹೊಸದೊಂದು ಸೇರಿತ್ತು: ಲೇಖನಿಯನ್ನು ಸರಿಯಾಗಿ ಹಿಡಿದರೋ ಇಲ್ಲವೋ ಎಂದು ನೋಡಲು ಕ್ಯಾಮೆರಾ. ಅದರ ಕಣ್ಣೇ ಭಾವವನ್ನು ತಡೆದಿರಬಹುದೆಂದು ಸ್ಟ್ರಾಕ್ ಶಂಕಿಸಿದರು. 2018ರ ಇಸ್ರೇಲಿನ ಅಧ್ಯಯನವೊಂದರಲ್ಲಿ ಕ್ಯಾಮೆರಾ ಇಲ್ಲದಾಗ ಪರಿಣಾಮ ಕಂಡಿತು, ಇದ್ದಾಗ ಕಾಣಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಪರೀಕ್ಷೆ ಪ್ರಕಟವಾಯಿತು. ಬೇಕೆಂದೇ ನಗೆಯ ಮುಖ ಮಾಡಿದರೆ ಸಂತೋಷ ತುಸು ಹೆಚ್ಚುವುದೆಂದು ಅದು ತಿಳಿಸಿತು. ಲೇಖನಿಯ ವಿಧಾನ ಮಾತ್ರ ನಿರ್ಣಯಕ್ಕೆ ನಿಲುಕಲಿಲ್ಲ.

ಆದುದರಿಂದ ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ಸುದ್ದಿಯನ್ನೋದಿ ಆಹಾರವನ್ನೋ ಔಷಧವನ್ನೋ ಬದಲಿಸುವ ಮುನ್ನ ವಾಚಕರು ಕೇಳಬೇಕಾದ ಪ್ರಶ್ನೆ ಒಂದಿದೆ: ಇದನ್ನು ಬೇರೆಯವರೂ ಪರೀಕ್ಷಿಸಿದ್ದಾರೆಯೆ? ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ವಿವೇಕ ಪ್ರಯೋಗಾಲಯಕ್ಕೂ ಸಲ್ಲುತ್ತದೆ, ನಮ್ಮ ಮನೆಗೂ ಸಲ್ಲುತ್ತದೆ.